ಹೀಯಾಳಿಸಿಕೊಂಡ ಆಲ್ಬಂ ಹದಿನೈದು ವರ್ಷದಲ್ಲಿ ಅಚ್ಚುಮೆಚ್ಚಾಗುವುದು ಹೇಗೆ: ಫಾಲ್ ಔಟ್ ಬಾಯ್ ಮತ್ತು ಇಮೋ ಅಭಿಮಾನಿಗಳ ಅಭಿಪ್ರಾಯದ ಲೆಕ್ಕ

2009ರಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಫಾಲ್ ಔಟ್ ಬಾಯ್ ವೇದಿಕೆಯ ಮೇಲೆ ಹೊಸ ಹಾಡು ಎತ್ತಿಕೊಂಡಾಗ, ದುಡ್ಡು ಕೊಟ್ಟು ಟಿಕೆಟ್ ಕೊಂಡು ಬಂದ ಅಭಿಮಾನಿಗಳೇ ಹೋ ಎಂದು ಕೂಗಿ ಹೀಯಾಳಿಸುತ್ತಿದ್ದರು. ಆ ಹಾಡುಗಳು 2008ರ ಡಿಸೆಂಬರ್‌ನಲ್ಲಿ ಹೊರಬಂದ 'ಫೋಲಿ ಅ ಡ್ಯೂ' ಆಲ್ಬಂನವು. ಇವತ್ತು ಅದೇ ಬ್ಯಾಂಡ್‌ನ ಅಭಿಮಾನಿಗಳು ಆಲ್ಬಂಗಳಿಗೆ ಸ್ಥಾನ ಕೊಡಲು ಕೂತರೆ 'ಫೋಲಿ' ಮೇಲಿನ ಸಾಲಿನಲ್ಲಿ ಕಾಣಿಸುವುದು ಮಾಮೂಲು. ಎಷ್ಟೋ ಜನರಿಗೆ ಅದೇ ಮೊದಲ ಸ್ಥಾನದ್ದು. ಆಲ್ಬಂನಲ್ಲಿ ಅವತ್ತಿದ್ದದ್ದೂ ಹದಿಮೂರು ಹಾಡು, ಇವತ್ತಿರುವುದೂ ಅವೇ ಹದಿಮೂರು.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, 'ಆಲ್ಬಂ ತನ್ನ ಕಾಲಕ್ಕಿಂತ ಮುಂದಿತ್ತು, ಜನರಿಗೆ ಆಮೇಲೆ ಅರ್ಥವಾಯಿತು' ಎಂಬುದು. ಇದು ಅರ್ಧ ಮಾತ್ರ ನಿಜ. ಬೈದವರೇ ಕೂತು ಮತ್ತೆ ಕೇಳಿ ಮನಸ್ಸು ಬದಲಾಯಿಸಿಕೊಂಡದ್ದು ಒಂದು ಪಾಲು. ಅದಕ್ಕಿಂತ ದೊಡ್ಡ ಪಾಲು, ಬೈದವರು ಎದ್ದು ಹೋಗಿ ಅವರ ಜಾಗಕ್ಕೆ ಬೇರೆಯವರು ಬಂದು ಕೂತದ್ದು. ಈ ಎರಡನ್ನೂ ಬೇರ್ಪಡಿಸಿ ನೋಡಲು ಕಲಿತರೆ ಯಾವ ಇಮೋ ಬ್ಯಾಂಡ್‌ನ ಆಲ್ಬಂ ಏಕೆ ಮೇಲೇರಿತು, ಯಾವುದು ಏಕೆ ಬಿದ್ದಲ್ಲೇ ಬಿದ್ದಿದೆ ಎಂಬುದು ತಿಳಿಯಾಗುತ್ತದೆ.

ಹೊಸಬರಿಗಾಗಿ ಹಿನ್ನೆಲೆ ಎರಡು ಮಾತಲ್ಲಿ. ಇಮೋ ಹುಟ್ಟಿದ್ದು 1980ರ ದಶಕದ ನಡುವಿನಲ್ಲಿ, ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯ ಹಾರ್ಡ್‌ಕೋರ್ ಪಂಕ್ ವಲಯದಲ್ಲಿ. ರೈಟ್ಸ್ ಆಫ್ ಸ್ಪ್ರಿಂಗ್, ಎಂಬ್ರೇಸ್ ಮುಂತಾದ ಬ್ಯಾಂಡ್‌ಗಳು ಪಂಕ್‌ನ ವೇಗ ಇಟ್ಟುಕೊಂಡು ಸಿಟ್ಟಿನ ಜಾಗದಲ್ಲಿ ಖಾಸಗಿ ನೋವನ್ನು ಹಾಡಿದವು. ತೊಂಬತ್ತರ ದಶಕದಲ್ಲಿ ಅದು ಅಮೆರಿಕದ ನಡುಭಾಗದ ಕಾಲೇಜು ಊರುಗಳಿಗೆ ಹರಡಿತು. 2000ದ ನಂತರ ಟಿವಿಗೂ ದೊಡ್ಡ ಸ್ಟೇಡಿಯಂಗಳಿಗೂ ಬಂತು. ಫಾಲ್ ಔಟ್ ಬಾಯ್ ಈ ಕೊನೆಯ ಅಲೆಯದು. ಅದನ್ನು ಇಮೋ ಅನ್ನಬೇಕೋ ಪಾಪ್ ಪಂಕ್ ಅನ್ನಬೇಕೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಅದನ್ನು ಪ್ರೀತಿಸಿದ ಜನ, ಅವರು ಹೋಗುತ್ತಿದ್ದ ಶೋಗಳು, ಅವರು ಕೇಳುತ್ತಿದ್ದ ಉಳಿದ ಬ್ಯಾಂಡ್‌ಗಳು ಎಲ್ಲವೂ ಇಮೋ ಲೋಕದವೇ.

ಮೊದಲ ತೀರ್ಪು ಬೀಳುವುದು ಹಿಂದಿನ ಆಲ್ಬಂ ಮೇಲೆ

ಶಿಕಾಗೋ ಪಕ್ಕದ ವಿಲ್ಮೆಟ್‌ನಿಂದ ಬಂದ ಈ ನಾಲ್ವರಲ್ಲಿ ಕೆಲಸದ ಹಂಚಿಕೆ ಸ್ಪಷ್ಟ. ಸಾಹಿತ್ಯ ಹೆಚ್ಚಾಗಿ ಬೇಸ್ ಗಿಟಾರಿಸ್ಟ್ ಪೀಟ್ ವೆಂಟ್ಜ್‌ದು, ರಾಗ ಮತ್ತು ದನಿ ಪ್ಯಾಟ್ರಿಕ್ ಸ್ಟಂಪ್‌ದು. 2003ರ 'ಟೇಕ್ ದಿಸ್ ಟು ಯುವರ್ ಗ್ರೇವ್' ವೇಗದ, ಒರಟಾದ, ಚಿಕ್ಕ ಕಂಪನಿಯಿಂದ ಬಂದ ಪಾಪ್ ಪಂಕ್. 2005ರ 'ಫ್ರಮ್ ಅಂಡರ್ ದ ಕಾರ್ಕ್ ಟ್ರೀ' ಅವರನ್ನು ಮನೆಮಾತಾಗಿಸಿತು. ಅದರ ಎರಡು ಹಾಡುಗಳು ಅಮೆರಿಕದ ಜನಪ್ರಿಯ ಹಾಡುಗಳ ಮುಖ್ಯ ಪಟ್ಟಿಯ ಮೊದಲ ಹತ್ತರೊಳಗೆ ಬಂದವು. 2007ರ 'ಇನ್ಫಿನಿಟಿ ಆನ್ ಹೈ' ಮೊದಲ ವಾರದಲ್ಲೇ ಸುಮಾರು 2,60,000 ಪ್ರತಿ ಮಾರಿ ನೇರವಾಗಿ ಒಂದನೇ ಸ್ಥಾನಕ್ಕೆ ಬಂತು. ಅದರಲ್ಲಾಗಲೇ ಸೋಲ್ ಸಂಗೀತದ ಒಲವು ಕಾಣಿಸಿತ್ತು. ಎರಡು ಹಾಡುಗಳಿಗೆ ಬೇಬಿಫೇಸ್ ನಿರ್ಮಾಪಕರಾಗಿದ್ದರು, ಆಲ್ಬಂ ಶುರುವಾಗುವುದೇ ರಾಪರ್ ಜೇ-ಝೀ ಮಾತಿನಿಂದ. ಆದರೂ ಗಿಟಾರ್ ಮುಂದೆಯೇ ಇತ್ತು, ಕುಣಿಯುವುದಕ್ಕೆ ಜಾಗ ಇತ್ತು.

ಆಮೇಲೆ 'ಫೋಲಿ' ಬಂತು. ಮೊದಲ ಹಾಡು ತೆರೆದುಕೊಳ್ಳುವುದು ಆರ್ಗನ್ ಮೇಲೆ ಸ್ಟಂಪ್ ಒಬ್ಬರೇ ಹಾಡುವ ದನಿಯಿಂದ. ಒಂದು ಹಾಡಿಗೆ ಫರೆಲ್ ವಿಲಿಯಮ್ಸ್ ಕೈಹಾಕಿದ್ದಾರೆ, ಮತ್ತೊಂದರಲ್ಲಿ ರಾಪರ್ ಲಿಲ್ ವೇಯ್ನ್ ಇದ್ದಾರೆ, ಕೊನೆಯ ಹಾಡಿನಲ್ಲಿ ಬ್ಲಾಂಡಿ ಬ್ಯಾಂಡ್‌ನ ಗಾಯಕಿ ಡೆಬಿ ಹ್ಯಾರಿ ದನಿ ಸೇರಿದೆ. ಹಿನ್ನೆಲೆ ದನಿಗಳು ಪದರ ಪದರವಾಗಿ ಪೇರಿಸಿಕೊಂಡಿವೆ. 2005ರ ಆಲ್ಬಂ ಕೇಳಿ ಬಂದ ಹುಡುಗನ ಕಿವಿಗೆ ಇದು ಬೇರೆ ಯಾರದೋ ಆಲ್ಬಂನಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವನು ಅಳೆದದ್ದು ಈ ಆಲ್ಬಂ ಅನ್ನಲ್ಲ, ಇದಕ್ಕೂ 'ಕಾರ್ಕ್ ಟ್ರೀ'ಗೂ ನಡುವಿನ ಅಂತರವನ್ನು. ಹೊಸ ಆಲ್ಬಂ ಬಂದ ಮೊದಲ ಒಂದೆರಡು ವರ್ಷ ಕೇಳಿಬರುವ ಅಭಿಪ್ರಾಯ ಬಹುಪಾಲು ಇಂಥದ್ದೇ ಅಂತರದ ಅಳತೆ. ಇಮೋದಲ್ಲಿ ಇದು ಉಳಿದ ಸಂಗೀತಕ್ಕಿಂತ ಹೆಚ್ಚು ಹರಿತ. ಏಕೆಂದರೆ ಇಲ್ಲಿ ಕೇಳುಗ ಹಾಡನ್ನು ತನ್ನ ಡೈರಿಯಂತೆ ಇಟ್ಟುಕೊಂಡಿರುತ್ತಾನೆ. ಹಾಡುಗಾರನ ದನಿ ಬದಲಾದರೆ ಅವನಿಗೆ ಅದು ರುಚಿಭೇದ ಅನ್ನಿಸುವುದಿಲ್ಲ, ಕೈಬಿಟ್ಟಂತೆ ಅನ್ನಿಸುತ್ತದೆ.

ಸಂಗೀತದ ಹೊರಗಿನ ಕಾರಣಗಳೂ ಸೇರಿಕೊಂಡವು. ಆಲ್ಬಂ ಮೊದಲು ಬರಬೇಕಿದ್ದದ್ದು 2008ರ ನವೆಂಬರ್ 4ಕ್ಕೆ, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನ. ಅದು ಮುಂದಕ್ಕೆ ಹೋಗಿ ಡಿಸೆಂಬರ್ ನಡುವಿಗೆ, ಹಬ್ಬದ ಮಾರಾಟದ ನೂಕುನುಗ್ಗಲಿನ ನಡುವೆ ಬಿತ್ತು. ಮೊದಲ ವಾರ ಸುಮಾರು 1,50,000 ಪ್ರತಿ ಮಾರಿ ಎಂಟನೇ ಸ್ಥಾನ ಪಡೆಯಿತು. ಸಿ.ಡಿ. ಮಾರಾಟವೇ ಕುಸಿಯುತ್ತಿದ್ದ ವರ್ಷದಲ್ಲಿ ಇದು ಕೆಟ್ಟ ಸಂಖ್ಯೆಯಲ್ಲ. ಆದರೆ ಹಿಂದಿನ ಆಲ್ಬಂನ ಒಂದನೇ ಸ್ಥಾನದ ಪಕ್ಕ ಇಟ್ಟಾಗ ಸೋಲಿನಂತೆ ಕಂಡಿತು. ಅದೇ ವರ್ಷ ವೆಂಟ್ಜ್ ಮದುವೆ ಗಾಸಿಪ್ ಪತ್ರಿಕೆಗಳ ಮುಖಪುಟದಲ್ಲಿತ್ತು. ಬ್ಯಾಂಡ್ ತಮ್ಮದು ಎಂದುಕೊಂಡಿದ್ದವರಿಗೆ ಅದು ಬೇರೆಯವರ ಪಾಲಾದಂತೆ ಕಂಡಿತು.

ಶೋಗಳಲ್ಲಿ ಸಿಟ್ಟು ಏಕೆ ಅಷ್ಟು ಜೋರಾಯಿತು? ಇದರಲ್ಲಿ ತಾಂತ್ರಿಕ ಕಾರಣವೂ ಇದೆ. ಇಮೋ ಶೋ ನಡೆಯುವುದು ಜನ ಸಾಲುಗಳನ್ನು ಬ್ಯಾಂಡ್ ಜತೆ ಕೂಗುವುದರ ಮೇಲೆ. ಬಾಯಿಪಾಠವಿಲ್ಲದ ನಾಲ್ಕು ನಿಮಿಷದ ಹೊಸ ಹಾಡು ಬಂದರೆ ಆ ನಾಲ್ಕು ನಿಮಿಷ ಜನ ಸುಮ್ಮನೆ ನಿಲ್ಲಬೇಕು. ಸ್ಟುಡಿಯೋದಲ್ಲಿ ಪೇರಿಸಿದ ದನಿಗಳು ವೇದಿಕೆಯ ಮೇಲೆ ಒಬ್ಬ ಗಾಯಕನಿಗೆ ಇಳಿದಾಗ ಹಾಡು ತೆಳುವಾಗುತ್ತದೆ. ಅದರ ಬೆನ್ನಿಗೇ 2005ರ ಹಿಟ್ ಹಾಡು ಬಂದರೆ ಹೋಲಿಕೆ ಅಲ್ಲೇ, ಕಣ್ಣೆದುರೇ ನಡೆದುಹೋಗುತ್ತದೆ. ಆ ಪ್ರವಾಸದಲ್ಲಿ ತಮ್ಮ ಸ್ಥಿತಿ ಕೊಳೆತ ತರಕಾರಿ ಎಸೆಸಿಕೊಳ್ಳುವ ನಾಟಕದವರಂತಿತ್ತು ಎಂಬ ಅರ್ಥದ ಮಾತನ್ನು ಸ್ಟಂಪ್ 2012ರಲ್ಲಿ ಬರೆದರು. ಓದಿದವರಿಗೆ ಅದು ನೋವಿನ ಮಾತು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ.

ಒಂದೇ ಹಾಡು, ಎರಡು ಅರ್ಥ

ಅಭಿಪ್ರಾಯ ತಿರುಗುವುದನ್ನು ಹತ್ತಿರದಿಂದ ನೋಡಬೇಕಾದರೆ ಆಲ್ಬಂನ ನಡುವೆ ಬರುವ 'ವಾಟ್ ಅ ಕ್ಯಾಚ್, ಡಾನಿ' ಸಾಕು. ಪಿಯಾನೋ ಮೇಲೆ ನಿಂತ ನಿಧಾನದ ಹಾಡು. ಕೊನೆಯ ಭಾಗಕ್ಕೆ ಬಂದಾಗ ಪ್ಯಾನಿಕ್! ಅಟ್ ದ ಡಿಸ್ಕೋದ ಬ್ರೆಂಡನ್ ಯೂರಿ, ಜಿಮ್ ಕ್ಲಾಸ್ ಹೀರೋಸ್‌ನ ಟ್ರಾವಿ ಮೆಕಾಯ್ ಮುಂತಾದವರು ಒಬ್ಬೊಬ್ಬರಾಗಿ ಬಂದು ಫಾಲ್ ಔಟ್ ಬಾಯ್‌ನ ಹಳೆಯ ಹಾಡುಗಳ ಒಂದೊಂದು ಸಾಲು ಹಾಡುತ್ತಾರೆ. ಸ್ಟಂಪ್ ಮುಖ್ಯ ರಾಗ ಹಿಡಿದುಕೊಂಡೇ ಇರುತ್ತಾರೆ, ಹಳೆಯ ಸಾಲುಗಳು ಅದರ ಮೇಲೆ ತೇಲಿಬರುತ್ತವೆ.

2008ರ ಡಿಸೆಂಬರ್‌ನಲ್ಲಿ ಇದನ್ನು ಕೇಳಿದವನಿಗೆ ಹೇಗೆ ಕಂಡಿರಬಹುದು? ಬ್ಯಾಂಡ್ ತನ್ನ ಬೆನ್ನು ತಾನೇ ತಟ್ಟಿಕೊಂಡಂತೆ, ಹೆಸರಾಂತ ಸ್ನೇಹಿತರನ್ನು ಮೆರೆಸಿದಂತೆ. ಹತ್ತು–ಹನ್ನೊಂದು ತಿಂಗಳು ಮುಂದೆ ಬನ್ನಿ. 2009ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಶೋ ವೇಳೆ ಬ್ಲಿಂಕ್-182 ಬ್ಯಾಂಡ್‌ನ ಮಾರ್ಕ್ ಹಾಪಸ್ ವೇದಿಕೆಯ ಮೇಲೆಯೇ ವೆಂಟ್ಜ್ ತಲೆಗೂದಲು ಬೋಳಿಸಿದರು. ನವೆಂಬರ್‌ನಲ್ಲಿ ಹಿಟ್ ಹಾಡುಗಳ ಸಂಗ್ರಹ ಹೊರಬಂತು, ಬ್ಯಾಂಡ್ ಅನಿರ್ದಿಷ್ಟ ಕಾಲ ನಿಲ್ಲುತ್ತದೆ ಎಂಬುದೂ ಗೊತ್ತಾಯಿತು. ಈಗ ಅದೇ ಹಾಡನ್ನು ಹಾಕಿದರೆ ಆ ಹಳೆಯ ಸಾಲುಗಳು ವಿದಾಯದ ಮೆರವಣಿಗೆಯಂತೆ ಕೇಳಿಸುತ್ತವೆ. ಸ್ನೇಹಿತರೆಲ್ಲ ಬಂದು ಬೀಳ್ಕೊಟ್ಟಂತೆ. ಹಾಡಿನ ಒಂದು ಸ್ವರವೂ ಬದಲಾಗಿಲ್ಲ. ಅದರ ಮುಂದೆ ಇನ್ನೊಂದು ಆಲ್ಬಂ ಇಲ್ಲ ಎಂಬ ತಿಳಿವಳಿಕೆ ಮಾತ್ರ ಹೊಸದು.

ಬ್ಯಾಂಡ್ ನಿಂತುಹೋದಾಗ ಕೊನೆಯ ಆಲ್ಬಂ ಬಗ್ಗೆ ಮಾತು ಮೆತ್ತಗಾಗುವುದಕ್ಕೆ ಇದೇ ಮುಖ್ಯ ಕಾರಣ. ಬ್ಯಾಂಡ್ ಚಾಲ್ತಿಯಲ್ಲಿದ್ದಾಗ ಇಷ್ಟವಾಗದ ಆಲ್ಬಂ ಒಂದು ಅಪಾಯದ ಸೂಚನೆ: ಮುಂದಿನವೂ ಹೀಗೇ ಇದ್ದರೆ ಎಂಬ ಭಯ. ನಿಂತ ಮೇಲೆ ಆ ಭಯಕ್ಕೆ ಕೆಲಸವಿಲ್ಲ. 2010ರಿಂದ 2012ರವರೆಗೆ 'ಫೋಲಿ' ಹೊಸ ಫಾಲ್ ಔಟ್ ಬಾಯ್ ಆಲ್ಬಂ ಆಗಿ ಉಳಿದಿರಲಿಲ್ಲ, ಇದ್ದದ್ದರಲ್ಲಿ ಕೊನೆಯದು ಆಗಿತ್ತು. ಉಳಿದ ಅಭಿಮಾನಿಗಳಿಗೆ ಅಗೆಯಲು ಬೇರೆ ಏನೂ ಇರಲಿಲ್ಲ, ಹಾಗಾಗಿ ಇದನ್ನೇ ಅಗೆದರು.

ಯಾರ ಮನಸ್ಸೂ ಬದಲಾಗದೆ ಸರಾಸರಿ ಬದಲಾಗುವ ಬಗೆ

ಒಂದು ಕಾಲ್ಪನಿಕ ಲೆಕ್ಕ. ಆಲ್ಬಂ ಬಂದ ವರ್ಷ ಸಾವಿರ ಅಭಿಮಾನಿಗಳನ್ನು ಕೇಳಿದಿರಿ ಎಂದುಕೊಳ್ಳಿ. 600 ಜನ ಹತ್ತಕ್ಕೆ 3 ಕೊಟ್ಟರು, 400 ಜನ 8 ಕೊಟ್ಟರು. ಸರಾಸರಿ 5. ಹತ್ತು ವರ್ಷ ಕಳೆಯಿತು. ಮೂರು ಕೊಟ್ಟ 600 ಜನ ಬ್ಯಾಂಡ್ ಕೇಳುವುದನ್ನೇ ಬಿಟ್ಟಿದ್ದಾರೆ, ಈ ಚರ್ಚೆಯ ಕಡೆ ತಲೆ ಹಾಕುವುದಿಲ್ಲ. ಎಂಟು ಕೊಟ್ಟ 400 ಜನ ಇನ್ನೂ ಇದ್ದಾರೆ. ಹೊಸದಾಗಿ 600 ಜನ ಸೇರಿದ್ದಾರೆ, ಅವರೂ 8 ಕೊಡುತ್ತಾರೆ. ಮತ್ತೆ ಕೇಳಿದರೆ ಸರಾಸರಿ 8. ಐದಿದ್ದದ್ದು ಎಂಟಾಯಿತು, ಒಬ್ಬನೇ ಒಬ್ಬ ಮನಸ್ಸು ಬದಲಾಯಿಸಿಲ್ಲ.

ನಿಜ ಜೀವನ ಇಷ್ಟು ನೀಟಾಗಿರುವುದಿಲ್ಲ, ಆದರೆ ದಿಕ್ಕು ಇದೇ. ಹೊಸದಾಗಿ ಸೇರುವವರು ಏಕೆ ಹೆಚ್ಚು ಅಂಕ ಕೊಡುತ್ತಾರೆ? ವಯಸ್ಸಿನ ಲೆಕ್ಕ ಹಾಕಿ. 2005ರಲ್ಲಿ ಹದಿನೈದು ವರ್ಷದವಳಿಗೆ 'ಕಾರ್ಕ್ ಟ್ರೀ' ಬಾಗಿಲು. 'ಫೋಲಿ' ಬಂದಾಗ ಅವಳಿಗೆ ಹದಿನೆಂಟು, ಬಾಗಿಲಿನ ಎದುರಿಗೆ ಯಾರೋ ಗೋಡೆ ಕಟ್ಟಿದಂತೆ. 2008ರಲ್ಲಿ ಹತ್ತು ವರ್ಷದವಳಾಗಿದ್ದ ಅವಳ ತಂಗಿ ಹದಿನೈದಕ್ಕೆ ಬರುವುದು 2013ರಲ್ಲಿ, ಬ್ಯಾಂಡ್ ಮರಳಿ ಬಂದು 'ಸೇವ್ ರಾಕ್ ಅಂಡ್ ರೋಲ್' ಹೊರತಂದು ಮತ್ತೆ ಒಂದನೇ ಸ್ಥಾನ ಹಿಡಿದ ವರ್ಷ. ತಂಗಿ ಒಳಬಂದದ್ದು ಎಲೆಕ್ಟ್ರಾನಿಕ್ ಸದ್ದು, ಸ್ಟೇಡಿಯಂ ತಾಳ ತುಂಬಿದ ಆಲ್ಬಂ ಮೂಲಕ. ಅಲ್ಲಿಂದ ಹಿಂದಕ್ಕೆ ನಡೆದರೆ ಮೊದಲು ಸಿಗುವುದೇ 'ಫೋಲಿ'. ಅವಳ ಕಿವಿಗೆ ಅದು ಗಿಟಾರ್ ಕಡಿಮೆಯಾದ ಆಲ್ಬಂ ಅಲ್ಲ, ಗಿಟಾರ್ ಹೆಚ್ಚಿರುವ ಆಲ್ಬಂ. ಅಕ್ಕನಿಗೆ ದೋಷವಾಗಿ ಕಂಡದ್ದು ತಂಗಿಗೆ ಗುಣ.

ಇದರ ಮೇಲೆ ನೆನಪಿನ ಕೆಲಸವೂ ಸೇರುತ್ತದೆ. ಸುಮಾರು ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳು ಬದುಕಿನ ಉಳಿದ ಕಾಲದವುಗಳಿಗಿಂತ ಗಟ್ಟಿಯಾಗಿ ಉಳಿಯುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿದ್ದಾರೆ. ಸಂಗೀತದ ವಿಷಯದಲ್ಲಿ ಹದಿಹರೆಯದ ವರ್ಷಗಳು ಅದರಲ್ಲೂ ಎದ್ದು ಕಾಣುತ್ತವೆ. ಹೀಗಾಗಿ 'ಅತ್ಯುತ್ತಮ ಆಲ್ಬಂ ಯಾವುದು' ಎಂದು ಕೇಳಿದಾಗ ಬರುವ ಉತ್ತರದಲ್ಲಿ 'ನನಗೆ ಹದಿನೈದಾದಾಗ ಯಾವುದು ಬಂದಿತ್ತು' ಎಂಬುದರ ಪಾಲು ದೊಡ್ಡದು. ಒಂದು ಬ್ಯಾಂಡ್ ಇಪ್ಪತ್ತು ವರ್ಷ ಬಾಳಿದರೆ ಅದರ ಅಭಿಮಾನಿಗಳಲ್ಲಿ ಕನಿಷ್ಠ ಮೂರು ತಲೆಮಾರಿನ ಹದಿಹರೆಯಗಳು ಒಟ್ಟಿಗೆ ವಾದಿಸುತ್ತಿರುತ್ತವೆ.

ಸ್ಟ್ರೀಮಿಂಗ್ ಬಂದ ಮೇಲೆ ಕ್ರಮವೇ ಕಳಚಿಬಿತ್ತು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇವತ್ತು ಈ ಬ್ಯಾಂಡ್ ಕೇಳಲು ಶುರುಮಾಡುವ ಹುಡುಗಿಗೆ ಎಂಟೂ ಆಲ್ಬಂಗಳು ಒಂದೇ ಮಧ್ಯಾಹ್ನ, ಒಂದೇ ಪರದೆಯ ಮೇಲೆ ಸಿಗುತ್ತವೆ. ಮೂರು ವರ್ಷ ಕಾದು, ಕೂಡಿಟ್ಟ ದುಡ್ಡಲ್ಲಿ ಸಿ.ಡಿ. ಕೊಂಡು, ಮನೆಗೆ ತಂದು ನಿರಾಸೆಯಾಗುವುದು ಅವಳ ಅನುಭವದಲ್ಲೇ ಇಲ್ಲ. ಕಾಯದೇ ಇದ್ದವರಿಗೆ ಮೋಸವಾದ ಭಾವ ಬರುವುದು ಕಷ್ಟ.

ಬೆನ್ನು ತಿರುಗಿಸಿ ಕೂತವರು, ಮತ್ತು ಕಾಣಿಸದೇ ಇದ್ದ ಆಲ್ಬಂ

'ಫೋಲಿ' ಕಥೆಗೆ ಹಿರಿಯ ಅಕ್ಕತಂಗಿಯರಿದ್ದಾರೆ. ಆದರೆ ಇಲ್ಲಿ ಬರುವ ಮೂರರಲ್ಲೂ ಒಳಗಿನ ಯಂತ್ರ ಬೇರೆ ಬೇರೆ, ಅದನ್ನು ಒಂದೇ ಬುಟ್ಟಿಗೆ ಹಾಕಬಾರದು.

ಸ್ಯಾನ್ ಫ್ರಾನ್ಸಿಸ್ಕೋದ ಜಾಬ್ರೇಕರ್ ಬ್ಯಾಂಡ್ 1993ರಲ್ಲಿ ದೊಡ್ಡ ರೆಕಾರ್ಡ್ ಕಂಪನಿಯಲ್ಲಿದ್ದ ನಿರ್ವಾಣ ಬ್ಯಾಂಡ್ ಜತೆ ಕೆಲವು ಶೋ ಮಾಡಿದಾಗಲೇ ಪಂಕ್ ವಲಯ ಹುಬ್ಬು ಗಂಟಿಕ್ಕಿತ್ತು. ದೊಡ್ಡ ಕಂಪನಿಗೆ ಸಹಿ ಹಾಕುವುದಿಲ್ಲ ಎಂದು ಬ್ಯಾಂಡ್ ಬಹಿರಂಗವಾಗಿ ಹೇಳಿಕೊಂಡಿತ್ತು. ಆಮೇಲೆ ಗೆಫೆನ್ ಸಮೂಹದ ಡಿ.ಜಿ.ಸಿ.ಗೆ ಸಹಿ ಹಾಕಿ 1995ರಲ್ಲಿ 'ಡಿಯರ್ ಯೂ' ತಂದಿತು. ಹಿಂದಿನ ಆಲ್ಬಂನ ಹೆಚ್ಚಿನ ಭಾಗ ಸ್ಟೀವ್ ಆಲ್ಬಿನಿ ರೆಕಾರ್ಡ್ ಮಾಡಿದ ಒಣ, ಒರಟು ಸದ್ದು. ಇದು ಗ್ರೀನ್ ಡೇ ಬ್ಯಾಂಡನ್ನು ದೊಡ್ಡದು ಮಾಡಿದ ರಾಬ್ ಕವಾಲೊ ನಿರ್ಮಾಣ: ಗಿಟಾರ್ ಮೇಲೆ ಗಿಟಾರ್, ನುಣುಪಾದ ಮೇಲ್ಮೈ. ಗಾಯಕ ಬ್ಲೇಕ್ ಶ್ವಾರ್ಟ್ಸೆನ್‌ಬಾಕ್ ಗಂಟಲಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಆಗಿ ಹಳೆಯ ಸೀಳುದನಿ ಹೋಗಿತ್ತು. ಅಭಿಮಾನಿಗಳು ಅದನ್ನೂ ಕಂಪನಿಯ ಕೈವಾಡವೆಂದೇ ಕಂಡರು. ಹೊಸ ಹಾಡು ಶುರುವಾದಾಗ ಕೆಲವರು ವೇದಿಕೆಗೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂತರು. ಮರುವರ್ಷ ಬ್ಯಾಂಡ್ ಒಡೆಯಿತು.

ಇಲ್ಲಿ ವಿರೋಧ ಇದ್ದದ್ದು ಸದ್ದಿಗಿಂತ ಸಹಿಗೆ. ಆ ಕಾಲದಲ್ಲಿ ಅದಕ್ಕೆ ಪ್ರತ್ಯಕ್ಷ ಬೆಲೆ ತೆರಬೇಕಿತ್ತು. ಬರ್ಕ್ಲಿಯ 924 ಗಿಲ್‌ಮನ್ ಎಂಬ ಪಂಕ್ ಜಾಗದಲ್ಲಿ ದೊಡ್ಡ ಕಂಪನಿಯ ಬ್ಯಾಂಡ್‌ಗಳಿಗೆ ವೇದಿಕೆಯೇ ಇರಲಿಲ್ಲ. 2004ರ ಹೊತ್ತಿಗೆ ಡ್ರಮರ್ ಆಡಮ್ ಫ್ಯಾಲರ್ ತಮ್ಮದೇ ಪುಟ್ಟ ಕಂಪನಿಯಿಂದ 'ಡಿಯರ್ ಯೂ' ಮರುಬಿಡುಗಡೆ ಮಾಡಿದಾಗ ಆ ಸಹಿಯ ಪಾಪ ತೊಳೆದುಹೋಗಿತ್ತು. ಹೊಸ ಕೇಳುಗರಿಗೆ ಅದೊಂದು ಇತಿಹಾಸದ ಟಿಪ್ಪಣಿ. ಉಳಿದದ್ದು ಬರೀ ಹಾಡು, ಮತ್ತು ಹಾಡು ಬಹಳ ಚೆನ್ನಾಗಿದ್ದವು. 2017ರಲ್ಲಿ ಶಿಕಾಗೋದ ರಾಯಟ್ ಫೆಸ್ಟ್‌ನಲ್ಲಿ ಬ್ಯಾಂಡ್ ಮರಳಿ ನಿಂತಿತು. 2022ರಲ್ಲಿ ಅವರು ವಾರ್ಷಿಕೋತ್ಸವದ ಪ್ರವಾಸ ಕೈಗೊಂಡದ್ದು ಯಾವ ಆಲ್ಬಂ ಹೆಸರಲ್ಲಿ ಎಂದರೆ, ಜನ ಬೆನ್ನು ತಿರುಗಿಸಿದ್ದ ಇದೇ ಆಲ್ಬಂ ಹೆಸರಲ್ಲಿ.

ವೀಜರ್‌ನ 'ಪಿಂಕರ್ಟನ್' (1996) ಬೇರೆ ಬಗೆ. ವೀಜರ್ ಸ್ವತಃ ಇಮೋ ಬ್ಯಾಂಡ್ ಅಲ್ಲ, ಆದರೆ ಈ ಆಲ್ಬಂ ಇಮೋದ ಪೂರ್ವಜರಲ್ಲೊಂದು. 1994ರ ಹಸನಾದ ನೀಲಿ ಮುಖಪುಟದ ಆಲ್ಬಂ ಆದಮೇಲೆ ಬ್ಯಾಂಡ್ ತಾವೇ ನಿರ್ಮಿಸಿದ, ಕರಕರ ಸದ್ದಿನ, ಮುಜುಗರವಾಗುವಷ್ಟು ಬಿಚ್ಚುಮನದ ಆಲ್ಬಂ ಕೊಟ್ಟಿತು. ಪಟ್ಟಿಯಲ್ಲಿ 19ನೇ ಸ್ಥಾನಕ್ಕೆ ಬಂದು ಬೇಗ ಇಳಿಯಿತು. ರೋಲಿಂಗ್ ಸ್ಟೋನ್ ಓದುಗರು ಅದನ್ನು ಆ ವರ್ಷದ ಕೆಟ್ಟ ಆಲ್ಬಂಗಳ ಸಾಲಿಗೆ ಸೇರಿಸಿದರು. ಅದನ್ನು ಎತ್ತಿದವರು ಮುಖ್ಯವಾಗಿ ಮುಂದಿನ ಬ್ಯಾಂಡ್‌ಗಳು: ಅದನ್ನು ಕೇಳಿ ಬೆಳೆದ ಹುಡುಗರು ಐದಾರು ವರ್ಷದಲ್ಲಿ ತಾವೇ ಗಿಟಾರ್ ಹಿಡಿದು ಇಮೋ ಹಾಡಿದರು, ಅವರ ಅಭಿಮಾನಿಗಳು ಮೂಲ ಹುಡುಕಿಕೊಂಡು ಹಿಂದಕ್ಕೆ ಬಂದರು. ವಿಚಿತ್ರವೆಂದರೆ 2001ರಲ್ಲೂ ವೀಜರ್ ಗಾಯಕ ರಿವರ್ಸ್ ಕ್ವೋಮೊ ಆ ಆಲ್ಬಂ ಬಗ್ಗೆ ನಾಚಿಕೆಯಿಂದಲೇ ಮಾತಾಡುತ್ತಿದ್ದರು. ಅಭಿಮಾನಿಗಳು ಕಲಾವಿದನಿಗಿಂತ ಮೊದಲು ತಿರುಗಿದ್ದರು. 2004ರಲ್ಲಿ ರೋಲಿಂಗ್ ಸ್ಟೋನ್ ಮರುವಿಮರ್ಶೆಯಲ್ಲಿ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. 2010ರಲ್ಲಿ ಬ್ಯಾಂಡ್ ಇಡೀ ಆಲ್ಬಂ ಅನ್ನು ವೇದಿಕೆಯ ಮೇಲೆ ನುಡಿಸಿತು.

ಕಥೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಮುಖ್ಯ. ಜಪಾನಿನ ಹುಡುಗಿಯರನ್ನು, ಅಲ್ಲಿಂದ ಪತ್ರ ಬರೆದ ಅಭಿಮಾನಿಯನ್ನು ಆ ಹಾಡುಗಳು ನೋಡುವ ರೀತಿ ಇವತ್ತಿನ ಅನೇಕ ಕೇಳುಗರಿಗೆ, ಅದರಲ್ಲೂ ಏಷ್ಯಾ ಮೂಲದ ಹೆಣ್ಣುಮಕ್ಕಳಿಗೆ, ಇರಿಸುಮುರಿಸು ತರುತ್ತದೆ. ಹಾಗನ್ನಿಸುವುದರಲ್ಲಿ ತಪ್ಪೇನೂ ಇಲ್ಲ. 2002ರ ಹೊತ್ತಿನ ಇಮೋ ಬಹುಪಾಲು ಗಂಡುಹುಡುಗರು ತಮ್ಮನ್ನು ಬಿಟ್ಟುಹೋದ ಹುಡುಗಿಯರ ಮೇಲೆ ಹಾಡಿದ ದೂರುಗಳ ಕಂತೆ. ಹದಿನಾರರಲ್ಲಿ ಅದನ್ನು ಬಾಯಿತುಂಬ ಹಾಡಿದವರು ಮೂವತ್ತಮೂರರಲ್ಲಿ ಅದೇ ಸಾಲಿನ ಮುಂದೆ ತಡೆದು ನಿಲ್ಲುತ್ತಾರೆ. ಕೆಲವು ಆಲ್ಬಂಗಳು ಈ ಕಾರಣಕ್ಕೇ ಮೆಲ್ಲನೆ ಕೆಳಗಿಳಿದಿವೆ. ನನ್ನ ಪ್ರಕಾರ ಮನಸ್ಸು ನಿಜವಾಗಿ ಬದಲಾಗುವುದು ಹೆಚ್ಚಾಗಿ ಈ ಜಾಗದಲ್ಲೇ: ಇಲ್ಲಿ ಕೇಳುಗ ಅದೇ ವ್ಯಕ್ತಿ, ವಯಸ್ಸು ಮಾತ್ರ ಬೇರೆ.

ಅಮೆರಿಕನ್ ಫುಟ್‌ಬಾಲ್ ಬ್ಯಾಂಡ್‌ನ 1999ರ ಆಲ್ಬಂ ಅನ್ನು ಇವುಗಳ ಜತೆ ಸೇರಿಸಿ ಹೇಳುವುದುಂಟು, ಅದು ಸರಿಯಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಊರಾದ ಅರ್ಬಾನಾದಲ್ಲಿ ಮೂವರು ವಿದ್ಯಾರ್ಥಿಗಳು ಮಾಡಿದ ಒಂಬತ್ತು ಹಾಡು. ಆಲ್ಬಂ ಬಂದ ಹೊತ್ತಿಗೆ ಬ್ಯಾಂಡ್ ಹೆಚ್ಚುಕಡಿಮೆ ಮುಗಿದಿತ್ತು, ದೊಡ್ಡ ಪ್ರವಾಸವಿಲ್ಲ. ಅದನ್ನು ಯಾರೂ ಹೀಯಾಳಿಸಲಿಲ್ಲ, ಏಕೆಂದರೆ ಹೆಚ್ಚು ಜನ ಕೇಳಲೇ ಇಲ್ಲ. ಎಫ್-ಎ-ಸಿ-ಜಿ-ಸಿ-ಇ ಎಂದು ಶ್ರುತಿ ಬದಲಿಸಿದ ಗಿಟಾರ್, ಆತುರವಿಲ್ಲದ ತುತ್ತೂರಿ, ಮುಖಪುಟದ ಬಿಳಿ ಮನೆ, ಇವೆಲ್ಲ ಹತ್ತು ವರ್ಷ ಕೈಯಿಂದ ಕೈಗೆ ದಾಟಿ ಹೊಸ ಇಮೋ ಬ್ಯಾಂಡ್‌ಗಳ ವ್ಯಾಕರಣವಾದವು. 2014ರಲ್ಲಿ ಪಾಲಿವಿನೈಲ್ ಎಂಬ ರೆಕಾರ್ಡ್ ಕಂಪನಿ ಮರುಬಿಡುಗಡೆ ಮಾಡಿತು, ಬ್ಯಾಂಡ್ ಮತ್ತೆ ಸೇರಿತು. 2023ರಲ್ಲಿ ಆ ಮನೆಯನ್ನೇ ಬ್ಯಾಂಡ್ ಮತ್ತು ಕಂಪನಿ ಇತರರೊಂದಿಗೆ ಸೇರಿ ಕೊಂಡುಕೊಂಡವು. ಇಲ್ಲಿ ಆದದ್ದು ಅಭಿಪ್ರಾಯದ ಬದಲಾವಣೆಯಲ್ಲ, ಅಭಿಪ್ರಾಯ ತಡವಾಗಿ ಹುಟ್ಟಿದ್ದು. ತಡವಾಗಿ ಹುಟ್ಟಿದ ಅಭಿಪ್ರಾಯಕ್ಕೆ ವಿರೋಧಿಗಳು ಇರುವುದಿಲ್ಲ. ಅದಕ್ಕೇ ಆ ಆಲ್ಬಂ ಬಗ್ಗೆ ಜಗಳ ಅಷ್ಟು ಕಡಿಮೆ.

ನಿಜವಾದ ತಿರುವೋ ಅಲ್ಲವೋ ಪರೀಕ್ಷಿಸುವುದು

ಯಾರಾದರೂ 'ಈ ಆಲ್ಬಂ ಅನ್ನು ಈಗ ಎಲ್ಲರೂ ಮೆಚ್ಚುತ್ತಾರೆ' ಎಂದರೆ ಮೊದಲು ನೋಡಬೇಕಾದದ್ದು ಸೆಟ್‌ಲಿಸ್ಟ್, ಅಂದರೆ ಶೋನಲ್ಲಿ ನುಡಿಸುವ ಹಾಡುಗಳ ಪಟ್ಟಿ. ಬ್ಯಾಂಡ್‌ಗೆ ಯಾವ ಹಾಡಿಗೆ ಜನ ದನಿಗೂಡಿಸುತ್ತಾರೆ ಎಂಬುದು ಪ್ರತಿ ರಾತ್ರಿ ಕಿವಿಗೆ ಬೀಳುತ್ತದೆ, ಅವರು ಅದರಂತೆ ಪಟ್ಟಿ ತಿದ್ದುತ್ತಾರೆ. ಲೆಕ್ಕ ಹೀಗೆ: 22 ಹಾಡಿನ ಶೋನಲ್ಲಿ ಹೊಸ ಆಲ್ಬಂನ ಐದನ್ನು ಬದಿಗಿಡಿ. ಉಳಿದದ್ದು 17. ಹಳೆಯ ಆಲ್ಬಂ ಏಳು ಇದ್ದರೆ ಒಂದಕ್ಕೆ ಸರಾಸರಿ ಎರಡೂವರೆಗಿಂತ ಸ್ವಲ್ಪ ಕಡಿಮೆ ಬೀಳುತ್ತದೆ. ಯಾವುದಾದರೂ ಹಳೆಯ ಆಲ್ಬಂಗೆ, ವಾರ್ಷಿಕೋತ್ಸವದ ನೆಪವಿಲ್ಲದೆ, ಊರಿಂದ ಊರಿಗೆ ನಾಲ್ಕು ಹಾಡು ಸಿಗುತ್ತಿದ್ದರೆ ತಿರುವು ನಿಜ. ಒಂದೇ ಹಾಡು, ಅದೂ ಆ ಕಾಲದ ಸಿಂಗಲ್ (ಪ್ರಚಾರಕ್ಕೆಂದು ಬಿಡಿಯಾಗಿ ಹೊರತಂದ ಹಾಡು) ಮಾತ್ರ ಬರುತ್ತಿದ್ದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಸಿಂಗಲ್ ಅಲ್ಲದ, ಆಲ್ಬಂ ನಡುವಿನ ಹಾಡು ಬರುವುದೇ ಬಲವಾದ ಸಾಕ್ಷಿ. ಫಾಲ್ ಔಟ್ ಬಾಯ್ 2023ರ ಪ್ರವಾಸದಲ್ಲಿ ರಾತ್ರಿಯಿಂದ ರಾತ್ರಿಗೆ ಅಪರೂಪದ ಹಾಡುಗಳನ್ನು ಬದಲಿಸಿ ನುಡಿಸುವ ಪದ್ಧತಿ ಇಟ್ಟುಕೊಂಡಾಗ 'ಫೋಲಿ'ಯವಕ್ಕೂ ಅದರಲ್ಲಿ ಜಾಗ ಸಿಕ್ಕಿತು.

ಕೇಳುಗರು ಆಲ್ಬಂಗಳಿಗೆ ಅಂಕ ಕೊಡುವ ಜಾಲತಾಣಗಳ ಸರಾಸರಿಯನ್ನು ನಂಬುವಾಗ ಎಚ್ಚರ ಬೇಕು. ಹೆಚ್ಚಿನವರು ಒಮ್ಮೆ ಕೊಟ್ಟ ಅಂಕವನ್ನು ತಿದ್ದಲು ಮರಳಿ ಬರುವುದಿಲ್ಲ, ಹಳೆಯ ಸಿಟ್ಟು ಲೆಕ್ಕದಲ್ಲಿ ಹಾಗೇ ಉಳಿದಿರುತ್ತದೆ. ಆದ್ದರಿಂದ ಒಟ್ಟು ಸರಾಸರಿ ಬಿಟ್ಟು ಇತ್ತೀಚಿನ ಎರಡು ವರ್ಷದ ಅಂಕಗಳನ್ನಷ್ಟೇ ಬೇರೆಯಾಗಿ ನೋಡಿ. ವಿಶೇಷ ಆವೃತ್ತಿಗಳ ಅಂಕವನ್ನು ಮೂಲದ್ದಕ್ಕೆ ಹೋಲಿಸಬೇಡಿ. ಹೆಚ್ಚುವರಿ ಹಾಡು, ಡೆಮೊ ತುಂಬಿದ ದುಬಾರಿ ವಿನೈಲ್ ಕೊಳ್ಳುವವರು ಮೊದಲೇ ಪ್ರೀತಿಸುವವರು. ಮಾರಾಟದ ಪ್ರಮಾಣಪತ್ರವೂ ಅಳತೆಗೋಲಲ್ಲ. ಅಮೆರಿಕದಲ್ಲಿ 2016ರಿಂದ 1,500 ಸ್ಟ್ರೀಮ್‌ಗಳನ್ನು ಒಂದು ಆಲ್ಬಂ ಎಂದು ಎಣಿಸುತ್ತಾರೆ. 'ಪಿಂಕರ್ಟನ್' ಪ್ಲಾಟಿನಂ (ಹತ್ತು ಲಕ್ಷ ಪ್ರತಿಯ ಪ್ರಮಾಣಪತ್ರ) ಆದದ್ದು ಆ ವರ್ಷವೇ. ಆ ಸಂಖ್ಯೆ ಇಳಿಯುವಂಥದ್ದೂ ಅಲ್ಲ, ಇಪ್ಪತ್ತು ವರ್ಷದ್ದು ಕೂಡುತ್ತಾ ಹೋಗುತ್ತದೆ. ಇನ್ನು ವಾರ್ಷಿಕೋತ್ಸವ: ಹತ್ತನೇ, ಇಪ್ಪತ್ತನೇ ವರ್ಷಕ್ಕೆ ಪ್ರತಿ ಆಲ್ಬಂ ಬಗ್ಗೆಯೂ ಹೊಗಳಿಕೆಯ ಬರಹ ಬರುತ್ತದೆ. ಆ ಅಲೆ ಇಳಿದು ಆರು ತಿಂಗಳಾದ ಮೇಲೂ ಮಾತು ಉಳಿದಿದ್ದರೆ ಆಗ ಗಂಭೀರವಾಗಿ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಕಿವಿಯಲ್ಲೇ ಇದೆ, ಇಬ್ಬರು ಬೇಕು. ಈ ಬ್ಯಾಂಡ್ ಕೇಳದ ಇಬ್ಬರು ಗೆಳೆಯರಲ್ಲಿ ಒಬ್ಬರು 2003, 2005, 2007, 2008 ಎಂಬ ಕ್ರಮದಲ್ಲಿ, ಇನ್ನೊಬ್ಬರು 2023, 2013, 2008 ಎಂದು ಹಿಂದಿನಿಂದ ಕೇಳಲಿ. ಪ್ರತಿ ಆಲ್ಬಂಗೆ ನಾಲ್ಕು ದಿನ, ಮೂರು ಪೂರ್ತಿ ಸುತ್ತು, ಹಾಡು ಹಾರಿಸದೆ. ಒಂದೇ ಸುತ್ತು ಕೇಳಿ ಬಿಟ್ಟರೆ ಸಿಂಗಲ್‌ಗಳು ಮಾತ್ರ ತಲೆಯಲ್ಲಿ ನಿಲ್ಲುತ್ತವೆ. ಒಂದೇ ದಿನ ಎಲ್ಲ ಕೇಳಿದರೆ ಕೊನೆಯದಕ್ಕೆ ಕಿವಿ ದಣಿದಿರುತ್ತದೆ. 'ಫೋಲಿ' ತಲುಪಿದಾಗ ಇಬ್ಬರೂ ಮೊದಲ ಸುತ್ತಿನ ಬಳಿಕ ನಾಲ್ಕು ಸಾಲು, ಮೂರನೇ ಸುತ್ತಿನ ಬಳಿಕ ನಾಲ್ಕು ಸಾಲು ಬರೆದಿಡಲಿ. ಮೊದಲನೆಯವರ ಮೊದಲ ಟಿಪ್ಪಣಿಯಲ್ಲಿ 'ವೇಗ ಎಲ್ಲಿ ಹೋಯಿತು' ಎಂಬ ದೂರು ಬರುವ ಸಾಧ್ಯತೆ ಹೆಚ್ಚು, ಎರಡನೆಯವರದ್ದರಲ್ಲಿ ಕಡಿಮೆ. ಮೂರನೇ ಸುತ್ತಿನ ಹೊತ್ತಿಗೆ ಎರಡು ಟಿಪ್ಪಣಿಗಳು ಎಷ್ಟು ಹತ್ತಿರ ಬಂದಿವೆ ಎಂದು ನೋಡಿ: ಕರಗಿದ್ದು ಕ್ರಮದಿಂದ ಬಂದ ದೂರು, ಉಳಿದದ್ದು ಆಲ್ಬಂನದೇ ದೋಷ.

'ಫೋಲಿ'ಯಲ್ಲಿ ದೋಷ ಇಲ್ಲವೆಂದಲ್ಲ. ಅತಿಥಿಗಳ ಸಂತೆ ಕೆಲವು ಕಡೆ ಅತಿಯಾಗಿದೆ, ಎಲ್ಲ ಹಾಡಿಗೂ ಅಷ್ಟು ಪದರ ಬೇಕಿರಲಿಲ್ಲ. ಆದರೆ ಸ್ಟಂಪ್ ದನಿ ಅಷ್ಟು ಬಿಡುಬೀಸಾಗಿ ಬೇರೆಲ್ಲೂ ಬಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವತ್ತು ಹೀಯಾಳಿಸಿದವರ ಮೇಲೆ ನನಗೆ ಬೇಸರವಿಲ್ಲ, ಅವರು ನಿಜವಾಗಿ ಏನನ್ನೋ ಕಳೆದುಕೊಂಡಿದ್ದರು.

ಮುಂದಿನ ಸರದಿ ಯಾವುದರದು ಎಂದು ಅಭಿಮಾನಿಗಳು ಈಗ ನೋಡುತ್ತಿರುವುದು 2018ರ 'ಮೇನಿಯಾ' ಕಡೆ. ಅದೂ ಮುಂದೂಡಿಸಿಕೊಂಡು ಬಂದ ಆಲ್ಬಂ, ಅದೂ ಹಳಬರಿಗೆ ರುಚಿಸದ್ದು. ಆದರೆ 'ಫೋಲಿ'ಗೆ ಸಿಕ್ಕ ಮೂರು ಅನುಕೂಲಗಳಲ್ಲಿ ಅದಕ್ಕೆ ಎರಡು ಸಿಕ್ಕಿಲ್ಲ. ಅದು ಯಾವ ವಿದಾಯದ ಕೊನೆಯ ಆಲ್ಬಂ ಆಗಲಿಲ್ಲ. ಅದರ ನಂತರ ಬಂದ 2023ರ 'ಸೋ ಮಚ್ (ಫಾರ್) ಸ್ಟಾರ್‌ಡಸ್ಟ್' ನಿರ್ಮಾಪಕ ನೀಲ್ ಏವ್ರಾನ್‌ರನ್ನು ಮರಳಿ ಕರೆತಂದು 'ಫೋಲಿ'ಯ ದಾರಿಗೇ ಹೊರಳಿತು, ಹಾಗಾಗಿ ಹಿಂದಕ್ಕೆ ನಡೆಯುವ ಹೊಸ ಕೇಳುಗರು 'ಮೇನಿಯಾ'ವನ್ನು ದಾಟಿ 'ಫೋಲಿ'ಗೆ ಹೋಗುತ್ತಾರೆ. ಉಳಿದಿರುವುದು ಮೂರನೆಯ ಅನುಕೂಲ: 2018ರಲ್ಲಿ ಹದಿನೈದಾಗಿದ್ದವರು. ಅವರಿಗೆ ಈಗ ಇಪ್ಪತ್ತು ದಾಟಿದೆ, ಕೆಲವರು ತಮ್ಮದೇ ಬ್ಯಾಂಡ್ ಕಟ್ಟುವ ವಯಸ್ಸು. ಅವರು ಬರೆಯುವ ಹಾಡುಗಳಲ್ಲಿ 'ಮೇನಿಯಾ'ದ ಸದ್ದು ಕೇಳಿಸತೊಡಗಿದರೆ ಮಾತು ಬದಲಾಗುತ್ತದೆ, ಇಲ್ಲವಾದರೆ ಇಲ್ಲ.